ಉಂಡ ಮನೆಯ ಸಾಕ್ಷಿ

ನಮ್ಮ ಧೂಳಪ್ಪ ಮಾಮಾ ಯಾರ ಮನೆಗೆ ಹೋದರೂ ಮೊದಲು ಕೇಳುತ್ತಿದ್ದದ್ದು ಕ್ಷೇಮ ಸಮಾಚಾರವಲ್ಲ. "ಬಾಯಿ ತೆಗಿ" ಅನ್ನುತ್ತಿದ್ದ. ಮದುವೆ ಮನೆಯಾಗಲಿ, ಮಣ್ಣು ಕೊಟ್ಟು ಬಂದ ಮನೆಯಾಗಲಿ, ಎದುರಿಗೆ ಸಿಕ್ಕ ಬಳಗದವರನ್ನು ಬಾಗಿಲ ಬೆಳಕಿಗೆ ನಿಲ್ಲಿಸಿ ಬಾಯೊಳಗೆ ಇಣುಕದಿದ್ದರೆ ಅವನಿಗೆ ಉಂಡದ್ದು ಅರಗುತ್ತಿರಲಿಲ್ಲ. ಅವನ ಕರಿ ಕೋಟು ಓಣಿಯ ತುದಿಯಲ್ಲಿ ಕಂಡರೆ ಸಾಕು, ನಮ್ಮ ಹೆಂಗಸರು ಹಿತ್ತಲ ಬಾಗಿಲಿಂದ ಹೊರಗೆ ಹೋಗಿ, ಬಾಯಿ ಮುಕ್ಕಳಿಸಿ, ಏನೂ ಅರಿಯದವರಂತೆ ಒಳಗೆ ಬರುತ್ತಿದ್ದರು. ಅಡಗಿಸುತ್ತಿದ್ದದ್ದು ಮತ್ತೇನಲ್ಲ, ಮಿಶ್ರಿ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಬೇರೆ ಕಡೆಯವರಿಗೆ ಹೇಳುತ್ತೇನೆ. ತಂಬಾಕನ್ನು ಹಂಚಿನ ಮೇಲೆ ಕರ್ರಗೆ ಹುರಿದು ಪುಡಿ ಮಾಡಿದರೆ ಮಿಶ್ರಿ. ಹಲ್ಲು ತಿಕ್ಕುವುದು ನೆಪ. ತಿಕ್ಕಿದ ಮೇಲೆ ಗಲ್ಲದ ಸಂದಿಯಲ್ಲಿ ಇಟ್ಟುಕೊಂಡು ಹೊಸ್ತಿಲ ಮೇಲೆ ಸುಮ್ಮನೆ ಕೂಡುವುದೇ ಅದರ ಸುಖ. ಸೋಲಾಪುರ, ಅಕ್ಕಲಕೋಟೆ ಸೀಮೆಯ ಹೆಂಗಸರು ಚಹಾ ಬಿಟ್ಟಾರು, ಗಂಡನನ್ನೂ ನಾಲ್ಕು ದಿನ ಬಿಟ್ಟಾರು, ಮಿಶ್ರಿ ಬಿಡಲಾರರು. ಅಂಥ ಊರುಗಳಲ್ಲಿ ಮಿಶ್ರಿ ಬಿಡಿರೆಂದು ಸಾರುತ್ತ ತಿರುಗುವವನಿಗೆ ಹುಚ್ಚ ಅನ್ನದೆ ಏನನ್ನಬೇಕು? "ಹೆಸರು ನೋಡಿದ್ರ ಧೂಳಪ್ಪ, ನಮಗ ಸ್ವಚ್ಛ ಇರ್ರಿ ಅಂತಾನ" ಎಂದು ಬೆನ್ನ ಹಿಂದೆ ನಗುತ್ತಿದ್ದರು. ಎದುರಿಗೂ ನಗುತ್ತಿದ್ದರು ಅನ್ನಿ. ಅವನಿಗೆ ಸಿಟ್ಟೇ ಬರುತ್ತಿರಲಿಲ್ಲ. ಆ ಸಿಟ್ಟೆಲ್ಲ ನನ್ನ ಪಾಲಿಗೆ ಬಂದಿದೆ ಎಂದು ಮನೆಯವರು ಹೇಳುತ್ತಾರೆ.

ಮಾಮಾ ಹುಟ್ಟಿದ್ದು ಅಕ್ಕಲಕೋಟೆ ತಾಲೂಕಿನ ವಾಗದರಿಯಲ್ಲಿ, ಕುರಿ ಕಾಯುವವರ ಮನೆಯಲ್ಲಿ. ನನ್ನ ಅಜ್ಜ ಹುಲೆಪ್ಪ ಕಂಬಳಿ ಮಾರಲು ಸೋಲಾಪುರಕ್ಕೆ ಹೋಗುವಾಗ ಒಮ್ಮೆ ಮಗನನ್ನೂ ಕರೆದುಕೊಂಡು ಹೋದ. ಅಲ್ಲಿ ಕಂಬಳಿ ಕೊಂಡವರು ಬೀಡಿ ಕಾರಖಾನೆಯ ಸಾತಲಿಂಗಪ್ಪ ಸಾವ್ಕಾರರು. ಬೀಡಿಯ ಜೊತೆಗೆ ನಿಪ್ಪಾಣಿಯ ತಂಬಾಕು ತರಿಸಿ ಮಿಶ್ರಿ ಪುಡಿಯ ಪೊಟ್ಟಣವನ್ನೂ ಮಾರುತ್ತಿದ್ದರು. ಕುರಿಯವನ ಮಗ ಅಂಗಡಿಯ ಫಲಕಗಳನ್ನು ಕನ್ನಡದಲ್ಲೂ ಮರಾಠಿಯಲ್ಲೂ ಗಟ್ಟಿಯಾಗಿ ಓದುವುದನ್ನು ಕೇಳಿ, "ಈ ಕೂಸಿನ್ನ ಕುರಿ ಹಿಂದ ಯಾಕ ಬಿಟ್ಟೀಯೋ ಹುಲೆಪ್ಪ? ನನ್ನ ಹಂತ್ಯಾಕ ಬಿಡು, ಸಾಲಿ ಕಲೀತದ" ಅಂದರು. ಹಾಗೆ ಅವನು ಅಲ್ಲೇ ಉಳಿದ. ಸಾವ್ಕಾರರ ಹೆಂಡತಿ ರತ್ನಾಬಾಯಿ ತನ್ನ ಮಕ್ಕಳಿಗೆ ಬಡಿದ ರೊಟ್ಟಿಯಲ್ಲೇ ಅವನಿಗೂ ಹಾಕಿದಳು. ಮೊದಮೊದಲು ಪಡಸಾಲೆಯ ತುದಿಯಲ್ಲಿ ಉಣ್ಣುತ್ತಿದ್ದವನು ಆಮೇಲೆ ಒಳಗಿನ ಪಂಕ್ತಿಗೆ ಬಂದ. ಮೆಟ್ರಿಕ್ ಮುಗಿಸಿದ ಮೇಲೆ ಸಾವ್ಕಾರರೇ ಪುಣೆಗೆ ಕಳಿಸಿ ಡಾಕ್ಟರಿಕೆ ಓದಿಸಿದರು. ಓದಿ ಬಂದವನಿಗೆ ಬೀಡಿ ಕಟ್ಟುವವರ ಓಣಿಯಲ್ಲಿದ್ದ ತಮ್ಮ ಎರಡು ಕೋಣೆಗಳನ್ನು ದವಾಖಾನೆಗೆಂದು ಬಿಟ್ಟುಕೊಟ್ಟರು.

ಅವರನ್ನು ಬೈಯಬೇಕೆಂದು ಎಷ್ಟೋ ಸಲ ಕೂತಿದ್ದೇನೆ, ಬೈಗುಳವೇ ಬಾಯಿಗೆ ಬರುವುದಿಲ್ಲ. ಓಣಿಯಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಸಾವ್ಕಾರರ ಮನೆಯಿಂದ ತುಪ್ಪ ಹೋಗುತ್ತಿತ್ತು. ಮಾಮಾ ಮೊದಲ ಸಲ ಸ್ಟೆಥಾಸ್ಕೋಪು ಕೊರಳಿಗೆ ಹಾಕಿಕೊಂಡ ದಿನ ಆ ದೊಡ್ಡ ಮನುಷ್ಯ ಮಗುವಿನ ಹಾಗೆ ಅಂಗಿ ಎತ್ತಿ, "ನನ್ನ ಎದಿ ಮೊದಲ ಕೇಳೋ" ಎಂದು ಎದುರಿಗೆ ನಿಂತರಂತೆ. ಇಂಥವರಿಂದಲೇ ಕೆಡುಕಾಗುವುದು. ಕೆಟ್ಟವರ ಕೈಯ ರೊಟ್ಟಿಯನ್ನು ಯಾರು ಉಂಡಾರು?

ದವಾಖಾನೆಗೆ ಬರುವ ಹೆಂಗಸರ ಬಾಯಲ್ಲಿ ಮಾಮಾ ಒಂದು ವಿಷಯ ಗಮನಿಸತೊಡಗಿದ. ಗಲ್ಲದ ಒಳಗೆ, ಮಿಶ್ರಿ ಇಟ್ಟುಕೊಳ್ಳುವ ಜಾಗದಲ್ಲೇ, ಸುಣ್ಣ ಬಳಿದ ಹಾಗೆ ಬಿಳಿ ಮಚ್ಚೆ. ಬಲಗಡೆ ಇಟ್ಟುಕೊಳ್ಳುವವಳಿಗೆ ಬಲಕ್ಕೆ, ಎಡಗಡೆ ಇಟ್ಟುಕೊಳ್ಳುವವಳಿಗೆ ಎಡಕ್ಕೆ. ಅವರಲ್ಲಿ ಕೆಲವರಿಗೆ ಮಚ್ಚೆ ಗಟ್ಟಿಯಾಗಿ, ಹುಣ್ಣಾಗಿ, ಕಡೆಗೆ ಗಂಟಲಲ್ಲಿ ಅಂಬಲಿ ಕೂಡ ಇಳಿಯದೆ ಸತ್ತರು. ಅದು ಕ್ಯಾನ್ಸರ್ ಎಂದು ಅವನಿಗೆ ತಿಳಿದಿತ್ತು. ಅಂದಿನಿಂದ "ಬಾಯಿ ತೆಗಿ" ಎನ್ನುವ ಹುಚ್ಚು ಹಿಡಿಯಿತು.

ವಾಗದರಿಯಲ್ಲೇ ಕೊಟ್ಟ ಅವನ ಒಬ್ಬಳೇ ತಂಗಿ ಭಾಗಾಬಾಯಿ ನನ್ನ ಅವ್ವ. ಅವಳ ಎಡಗಲ್ಲದಲ್ಲೂ ಒಂದು ಸಣ್ಣ ಮಚ್ಚೆ ಕಂಡ ದಿನ ಮಾಮಾ ಊಟ ಮಾಡಲಿಲ್ಲ. ಬಿಡು ಅಂದ, ಬೈದ, ಕೈ ಮುಗಿದ. ಕಡೆಗೆ ಬಿರೋಬಾನ ಭಂಡಾರ ಮುಟ್ಟಿಸಿ ಆಣೆ ಮಾಡಿಸಿದ. ಬಿರೋಬಾ ನಮ್ಮ ಕುರಿಯವರ ದೇವರು. ಅವನ ಅರಿಶಿನದ ಪುಡಿಯಾದ ಭಂಡಾರವನ್ನು ಮುಟ್ಟಿ ಆಡಿದ ಮಾತನ್ನು ನಮ್ಮಲ್ಲಿ ಸಾಯುವ ತನಕ ಯಾರೂ ಮುರಿಯುವುದಿಲ್ಲ. ಆದರೂ ಅವ್ವ ಜಾಣೆ. "ನೀ ಇದು ಕೆಟ್ಟದ್ದು ಅನ್ನೂತನಾ ಮುಟ್ಟೂದಿಲ್ಲ ಅಣ್ಣಾ" ಎಂದು ಆಣೆಗೊಂದು ಬಾಲ ಕಟ್ಟಿದಳು. ಮಾಮಾ ನಕ್ಕು ಒಪ್ಪಿಕೊಂಡ. ತಾನು ಇದನ್ನು ಒಳ್ಳೆಯದೆಂದು ಯಾವತ್ತಾದರೂ ಹೇಳಿಯೇನೆಂದು ಅವನ ಕನಸಿನಲ್ಲೂ ಇರಲಿಲ್ಲ. ಅವ್ವ ಬಿಟ್ಟಳು. ತಲೆನೋವು, ಸಿಡುಕು, ಅಪ್ಪನೊಡನೆ ಜಗಳ ಎಲ್ಲ ಆಗಿಹೋದವು. ಮಚ್ಚೆ ಮೆಲ್ಲಗೆ ಮಾಸತೊಡಗಿತು. ಅದನ್ನು ಕಂಡ ಮಾಮಾನ ಸಂತೋಷ ಹೇಳತೀರದು. ದವಾಖಾನೆಗೆ ಬಂದವರಿಗೆಲ್ಲ ತಂಗಿಯ ಗಲ್ಲದ ವರ್ಣನೆ ಮಾಡುತ್ತಿದ್ದನಂತೆ.

ಐವತ್ತನಾಲ್ಕರ ಸುಮಾರಿಗೆ ವಿಲಾಯತಿಯ ಸುದ್ದಿಯೊಂದು ಮರಾಠಿ ಪತ್ರಿಕೆಗಳಲ್ಲಿ ಬರತೊಡಗಿತು. ಅಲ್ಲಿನ ಡಾಕ್ಟರುಗಳು ಸಿಗರೇಟಿನಿಂದ ಶ್ವಾಸಕೋಶದಲ್ಲಿ ಕ್ಯಾನ್ಸರ್ ಆಗುತ್ತದೆ ಎಂದು ಬರೆದಿದ್ದರು. ಸೋಲಾಪುರದ ತಂಬಾಕಿನ ಪೇಟೆಯಲ್ಲಿ ಗುಸುಗುಸು ಎದ್ದಿತು. ಸಾವ್ಕಾರರಿಗೆ ಇದ್ದಕ್ಕಿದ್ದಂತೆ ಶಾಸ್ತ್ರದ ಮೇಲೆ ಪ್ರೀತಿ ಹುಟ್ಟಿದ್ದು ಆಗಲೇ. ಊರಿನ ಡಾಕ್ಟರುಗಳದೊಂದು ಮಂಡಳಿ ಇತ್ತು. ತಮ್ಮದೇ ಒಂದು ವೈದ್ಯಕೀಯ ತ್ರೈಮಾಸಿಕ ಹೊರಡಿಸಬೇಕೆಂದು ಅವರಿಗೆ ಬಹಳ ದಿನದ ಆಸೆ. ಅಚ್ಚಿನ ಖರ್ಚೆಲ್ಲ ನನ್ನದು, ನಿಮ್ಮ ಬರಹದಲ್ಲಿ ನಾನು ತಲೆ ಹಾಕುವುದಿಲ್ಲ ಎಂದು ಸಾವ್ಕಾರರು ಮುಂದೆ ಬಂದರು. ಕೊಟ್ಟ ಮಾತಿನಂತೆ ಅವರು ತಲೆ ಹಾಕಲೂ ಇಲ್ಲ. ಹಾಕಬೇಕಾಗಲೇ ಇಲ್ಲ.

ಸಂಪಾದಕರಾದವರು ಹಣಮಂತಪ್ಪ ಡಾಕ್ಟರು, ಊರಿಗೆಲ್ಲ ಹಿರಿಯರು. ಮಾಮಾ ಅವರಿಗೆ ತನ್ನ ಲೇಖನ ಕೊಟ್ಟ. ಎಷ್ಟೋ ವರ್ಷ ನೋಡಿದ ಬಾಯಿಗಳ ವಿವರವನ್ನೆಲ್ಲ ಬರೆದು, ಇದಕ್ಕೆ ಮಿಶ್ರಿಯೇ ಕಾರಣ, ಬಿಟ್ಟವರಲ್ಲಿ ಮಚ್ಚೆ ಮಾಸಿದ್ದನ್ನು ನಾನೇ ಕಂಡಿದ್ದೇನೆ ಎಂದು ಮುಗಿಸಿದ್ದ. ಹಣಮಂತಪ್ಪನವರು ಅವನನ್ನು ಮನೆಗೆ ಕರೆಸಿ ಚಹಾ ಕುಡಿಸಿದರು.

"ಧೂಳಪ್ಪನವರ, ಲೇಖ ಉತ್ತಮ ಅದರಿ. ಕೊನೀ ನಾಕು ಸಾಲಿಂದಷ್ಟಽ ಪಂಚಾಯ್ತಿ. ಇಂಥಾ ಬಾಯಿ ಹೊಲಸೂ ಇರ್ತಾವ, ಹಲ್ಲು ಕೆಟ್ಟಿರ್ತಾವ. ಮಿಶ್ರಿನಽ ಕಾರಣ ಅಂತ ಹೆಂಗ ಹೇಳೂದು?"

"ನಾ ಕಂಡೀನಲ್ರಿ."

"ಕಾಣೂದು ಬ್ಯಾರೆ, ಸಿದ್ಧ ಆಗೂದು ಬ್ಯಾರೆ. ಇನ್ನೂ ಸಿದ್ಧ ಆಗಿಲ್ಲ ಅಂತ ಹಾಕೂಣು. ಅದರಾಗ ಸುಳ್ಳೇನದ? ಮತ್ತ ಸಾವ್ಕಾರ್ರು ನಿಮಗ ತಂದಿ ಇದ್ದಂಗ. ಅವರ ರೊಕ್ಕದಾಗ ಅಚ್ಚಾಗೂ ಪುಸ್ತಕದಾಗ ನೀವಽ ಅವರ ಹೊಟ್ಟಿ ಮ್ಯಾಲ ಹೊಡೀತೀರೇನು?"

ಮಾಮಾನ ಕೈ ಕಟ್ಟಿಹಾಕಿದ್ದು ಆ ಕಡೆಯ ಮಾತು. ಉಂಡ ಮನೆಯ ಜಂತಿ ಎಣಿಸಬಾರದು ಎಂದು ನಮ್ಮವರು ಹಾಲಿನ ಜೊತೆಗೇ ಕುಡಿಸಿ ಬೆಳೆಸಿರುತ್ತಾರೆ. ಅವನು ಆ ದಿನವೂ ಮಧ್ಯಾಹ್ನ ರತ್ನಾಬಾಯಿಯ ಕೈಯ ಹೋಳಿಗೆ ಉಂಡು ಬಂದಿದ್ದ. ಹೂಂ ಅಂದ. ತ್ರೈಮಾಸಿಕ ಹೊರಬಂದಾಗ ಬಾಯಿಗಳ ವಿವರವೆಲ್ಲ ಅವನದೇ ಇತ್ತು, ಕೊನೆಯ ಸಾಲುಗಳು ಮಾತ್ರ ತಲೆಕೆಳಗಾಗಿದ್ದವು: "ಮಿಶ್ರಿಯಿಂದ ಹಾನಿಯಾಗುತ್ತದೆ ಎನ್ನಲು ಆಧಾರ ಸಿಕ್ಕಿಲ್ಲ. ಬಾಯಿಯ ಅಸ್ವಚ್ಛತೆಯೇ ಕಾರಣವೆಂದು ತೋರುತ್ತದೆ." ಕೆಳಗೆ ಡಾಕ್ಟರ್ ಧೂಳಪ್ಪ ಹುಲೆಪ್ಪ ವಾಗದರಿ ಎಂದು ದಪ್ಪ ಅಕ್ಷರ. ನಾನು ಅವನ ಸೋದರಸೊಸೆಯಾಗಿ ಹೇಳುತ್ತೇನೆ, ಆ ದಿನ ಅವನಿಗೆ ಎರಡು ಬಿಗಿಯುವವರು ಯಾರಾದರೂ ಇರಬೇಕಾಗಿತ್ತು. ಇರಲಿಲ್ಲ. ಎಲ್ಲರೂ ಅಭಿನಂದಿಸಿದರು.

ಆ ತ್ರೈಮಾಸಿಕವನ್ನು ಓದಿದವರು ಊರಿನ ಡಾಕ್ಟರುಗಳಷ್ಟೇ. ಅಷ್ಟಕ್ಕೇ ನಿಂತಿದ್ದರೆ ಈ ಕಥೆ ಇರುತ್ತಿರಲಿಲ್ಲ. ಸಾವ್ಕಾರರ ಗುಮಾಸ್ತರು ಬಲು ಚುರುಕು. ಆ ಕೊನೆಯ ಸಾಲುಗಳನ್ನಷ್ಟೇ ಎತ್ತಿ, ಕನ್ನಡದಲ್ಲೂ ಮರಾಠಿಯಲ್ಲೂ ಸಣ್ಣ ಚೀಟಿಯಾಗಿ ಅಚ್ಚು ಹಾಕಿಸಿ, ಡಾಕ್ಟರ ಹೆಸರಿನ ಸಮೇತ ಪ್ರತಿಯೊಂದು ಮಿಶ್ರಿ ಪೊಟ್ಟಣದಲ್ಲೂ ಇಟ್ಟರು. ಪೊಟ್ಟಣಗಳು ಊರೂರಿನ ಸಂತೆಗೆ ಹೋದವು. ಮಾಮಾನಿಗೆ ಇದರ ಸುಳಿವೂ ಇರಲಿಲ್ಲ. ಅವನ ಎದುರಿಗೆ ಮಿಶ್ರಿ ಪೊಟ್ಟಣ ಬಿಚ್ಚುವ ಧೈರ್ಯ ಯಾರಿಗಿತ್ತು?

ಮರುವರ್ಷ ಕುರಿಯ ಉಣ್ಣೆ ಕತ್ತರಿಸುವ ಹೊತ್ತಿಗೆ ಮಾಮಾ ಒಂದು ವರ್ಷದ ಮೇಲೆ ವಾಗದರಿಗೆ ಬಂದ, ಇನ್ನೂ ತಂಗಿಯ ಮನೆಗೆ ಹೋಗಿರಲಿಲ್ಲ. ಊರಲ್ಲಿ ಒಂದು ಟಗರಿನ ಜಗಳ ನಡೆದಿತ್ತು. ಟಗರು ತನ್ನದೆಂದು ಕಲ್ಲಣ್ಣ, ತನ್ನದೆಂದು ಕಾಮಣ್ಣ. ಇಬ್ಬರೂ ನಮಗೆ ಬೀಗರೇ. ಇಂಥ ಜಗಳಗಳು ಬಿರೋಬಾನ ಗುಡಿಯ ಕಟ್ಟೆಯ ಮೇಲೆ ತೀರುತ್ತಿದ್ದವು, ತೀರಿಸುವವನು ಪೂಜಾರಿ ಜಟ್ಟೆಪ್ಪ ಮುತ್ಯಾ. ಮಾಮಾನಿಗೆ ಆ ಟಗರು ಚೆನ್ನಾಗಿ ಗೊತ್ತು. ಹಿಂದಿನ ಸಲ ಬಂದಾಗ ಮುಳ್ಳಿಗೆ ಸಿಕ್ಕು ಹರಿದಿದ್ದ ಅದರ ಕಿವಿಗೆ ಕಲ್ಲಣ್ಣನ ಕುರಿದಡ್ಡಿಯಲ್ಲಿ ಅವನೇ ಹೊಲಿಗೆ ಹಾಕಿದ್ದ. ಸಾಕ್ಷಿ ಹೇಳಲು ಠೀವಿಯಿಂದ ಕಟ್ಟೆ ಏರಿದ. ಪಟ್ಟಣದಲ್ಲಿ ಇದ್ದು ಇದ್ದು ನಮ್ಮ ಕಟ್ಟೆಯ ರಿವಾಜು ಮರೆತೇಬಿಟ್ಟಿದ್ದ.

ಜಟ್ಟೆಪ್ಪ ಮುತ್ಯಾ ಅವನ ಹಣೆಗೆ ಭಂಡಾರ ಹಚ್ಚಿ ಕೇಳಿದ: "ಡಾಕ್ಟರ ಸಾಹೇಬ್ರ, ಇವತ್ತು ರೊಟ್ಟಿ ಯಾರ ಮನ್ಯಾಗ ಆತ್ರಿ?"

"ಕಲ್ಲಣ್ಣನ ಮನ್ಯಾಗ."

"ಹಂಗಾರ ಕೆಳಗ ಇಳೀರಿ."

ಕಟ್ಟೆಯ ಸುತ್ತ ಕೂತವರಾರೂ ನಗಲಿಲ್ಲ. ಅವರಿಗೆ ಅದು ದಿನದ ಮಾತು. ಯಾರ ಪರವಾಗಿ ಹೇಳುತ್ತೀಯೋ ಅವರ ಮನೆಯಲ್ಲಿ ಉಂಡಿದ್ದರೆ ಆ ಸಾಕ್ಷಿ ನಮ್ಮ ಕಟ್ಟೆಯಲ್ಲಿ ನಡೆಯುವುದಿಲ್ಲ. ಮಾಮಾನ ಮುಖ ಕೆಂಪಾಯಿತು. "ಮುತ್ಯಾ, ನಾ ಸುಳ್ಳು ಹೇಳ್ತೀನೇನು? ಈ ಕೈಲೆ ಹೊಲಿಗಿ ಹಾಕೀನಿ!"

"ಸುಳ್ಳು ಹೇಳ್ತೀರಿ ಅಂತ ಯಾರ ಅಂದಾರ? ನೀವು ಖರೇನಽ ಹೇಳ್ತಿರಬೇಕು. ಆದ್ರ ಹೊಟ್ಟ್ಯಾಗ ಒಬ್ಬರ ರೊಟ್ಟಿ ಇದ್ದಾಗ ಬಾಯಿ ಒಂದಽ ಮಾತಾಡೂದಿಲ್ರಿ, ರೊಟ್ಟೀನೂ ಮಾತಾಡ್ತದ. ಯಾವುದು ಬಾಯಿ ಮಾತು, ಯಾವುದು ರೊಟ್ಟಿ ಮಾತು, ಕೇಳಾವ್ರಿಗೆ ಹೆಂಗ ತಿಳೀಬೇಕು? ಖರೇ ಇದ್ರ ಮತ್ತೊಬ್ಬರ ಬಾಯಿಂದ ಬರ್ತದ, ಇಳೀರಿ."

ಹಾಗೆಯೇ ಆಯಿತು. ಕಲ್ಲಣ್ಣನ ಮನೆಯ ನೀರೂ ಕುಡಿಯದ ಒಬ್ಬ ಮುದುಕಿ ಹೊಲಿಗೆಯ ಗುರುತು ಹೇಳಿದಳು, ಟಗರು ಕಲ್ಲಣ್ಣನ ಪಾಲಾಯಿತು. ಮಾಮಾ ಅದನ್ನು ನೋಡಲು ನಿಲ್ಲಲೂ ಇಲ್ಲ. ಕಟ್ಟೆಯಿಂದ ಇಳಿದವನು ಯಾರೊಡನೆಯೂ ಮಾತಾಡದೆ ನೆಟ್ಟಗೆ ತಂಗಿಯ ಮನೆಗೆ ನಡೆದ. ಅವನ ತಲೆಯಲ್ಲಿ ಆಗ ಟಗರು ಇರಲಿಲ್ಲ, ಹಣಮಂತಪ್ಪ ಡಾಕ್ಟರ ಮನೆಯ ಚಹಾ ಇತ್ತು ಎಂದು ಆಮೇಲೆ ತಾನೇ ಹೇಳಿಕೊಂಡ.

ಅವ್ವ ಹೊಸ್ತಿಲ ಮೇಲೆ ಕೂತು ಮಿಶ್ರಿ ತಿಕ್ಕುತ್ತಿದ್ದಳು. ಅಣ್ಣನನ್ನು ಕಂಡು ಅಡಗಿಸಲೂ ಇಲ್ಲ, ಏಳಲೂ ಇಲ್ಲ. ಕರ್ರಗಿನ ಹಲ್ಲು ತೋರಿಸಿ ಚೆಂದಾಗಿ ನಕ್ಕಳು.

"ಭಾಗಾ! ಆಣಿ ಮಾಡಿದ್ದಿ!"

"ನೀ ಕೆಟ್ಟದ್ದು ಅನ್ನೂತನಾ ಅಂತ ಅಂದಿದ್ದೆ ಅಣ್ಣಾ. ಈಗ ನೀನಽ ಏನೂ ಆಗೂದಿಲ್ಲ ಅಂತ ಬರದೀಯಲ್ಲ. ವರ್ಷ ಆತು ಹಚ್ಚಾಕತ್ತು."

ಒಳಗೆ ಕರೆದುಕೊಂಡು ಹೋಗಿ ತೋರಿಸಿದಳು. ದೇವರ ಗೂಡಿನಲ್ಲಿ ಬಿರೋಬಾನ ಪಕ್ಕ ಆ ಚೀಟಿಯನ್ನು ಅಂಟಿಸಿ ಭಂಡಾರ ಹಚ್ಚಿದ್ದಳು. ಅವ್ವನಿಗೆ ಓದಲು ಬರುತ್ತಿರಲಿಲ್ಲ. ಸಂತೆಯಲ್ಲಿ ಯಾರೋ ಓದಿ ಹೇಳಿದ್ದರು, ನಿಮ್ಮ ಅಣ್ಣನ ಹೆಸರು ಅಚ್ಚಾಗಿದೆ ಎಂದು. ಕುರಿಯವರ ಮನೆಯಲ್ಲಿ ಹುಟ್ಟಿದ ಅಣ್ಣನ ಹೆಸರು ಅಚ್ಚಿನಲ್ಲಿ! ಅವಳಿಗೆ ಅದು ಪೂಜೆಗೆ ಯೋಗ್ಯವಾದದ್ದೇ ಆಗಿತ್ತು. ಮಾಮಾ ಆ ಹಳದಿ ಚೀಟಿಯನ್ನು ನೋಡಿದ, ಅವಳನ್ನು ಬಾಗಿಲಿಗೆ ಕರೆತಂದು ಬಾಯಿ ತೆಗೆಸಿದ. ಎಡಗಲ್ಲದ ಒಳಗೆ ಮಚ್ಚೆ ಇರಲಿಲ್ಲ. ಅಲ್ಲಿ ಅಂಚು ಗಟ್ಟಿಯಾದ ಹುಣ್ಣು ಇತ್ತು.

ಅವನು ಅವಳ ಗಲ್ಲ ಬಿಟ್ಟು ಹೊಸ್ತಿಲ ಮೇಲೆ ಕೂತ. ಅವ್ವನಿಗೆ ಏನೂ ತಿಳಿಯದೆ, ಬಿಸಿಲಿಗೆ ತಲೆ ತಿರುಗಿರಬೇಕೆಂದು ಮಜ್ಜಿಗೆ ತಂದುಕೊಟ್ಟಳು.

ಮರುದಿನ ಬೆಳಗ್ಗೆ ಮಾಮಾ ಮತ್ತೆ ಗುಡಿಗೆ ಹೋಗಿ ಜಟ್ಟೆಪ್ಪ ಮುತ್ಯಾನನ್ನು ಕೇಳಿದ: "ಉಂಡ ಮನಿ ಪರ ಹೇಳಬಾರ್ದು, ಖರೆ. ಉಂಡ ಮನಿ ವಿರುದ್ಧ ಹೇಳೂದಿದ್ರ?"

ಮುತ್ಯಾ ಅವನನ್ನು ಪಕ್ಕಕ್ಕೆ ಕೂಡಿಸಿಕೊಂಡ. "ಅದಕ್ಕ ಕಟ್ಟಿ ಅಡ್ಡ ಬರೂದಿಲ್ಲಪ್ಪಾ. ಇವರ ಅನ್ನ ಉಂಡೀನಿ ಅಂತ ಮೊದಲ ಹೇಳಬೇಕು. ಹೇಳಿದ ಮ್ಯಾಲ ಆ ಮನ್ಯಾಗಿನ ಊಟ ಮುಗೀತು. ಅಂಥಾವ್ರು ನನ್ನ ಆಯುಷ್ಯದಾಗ ಒಬ್ಬರೋ ಇಬ್ಬರೋ."

ಸೋಲಾಪುರಕ್ಕೆ ಬಂದವನು ಮೊದಲು ಹೋದದ್ದು ಸಾವ್ಕಾರರ ಮನೆಗೆ. ಅವರು ಊಟಕ್ಕೆ ಕೂತಿದ್ದರು. ರತ್ನಾಬಾಯಿ ರೂಢಿಯಂತೆ ಅವನಿಗೂ ಮಣೆ ಹಾಕಿ ತಾಟು ಇಟ್ಟಳು. ಮಾಮಾ ಕೂಡಲಿಲ್ಲ. ನಿಂತೇ ಎಲ್ಲ ಹೇಳಿದ.

ಸಾವ್ಕಾರರು ತುತ್ತು ಕೆಳಗಿಟ್ಟರು. "ಅಯ್ಯೋ, ನಮ್ಮ ಭಾಗವ್ವಗ? ಮೊದಲಽ ಯಾಕ ಹೇಳಲಿಲ್ಲೋ! ನಾಳಿಗೇ ಮುಂಬೈಗೆ ಕಳಸೂಣು, ದೊಡ್ಡ ಡಾಕ್ಟರಿಗೆ ತೋರಸೂಣು, ಎಲ್ಲಾ ನನ್ನ ಮ್ಯಾಲ." ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

"ಬ್ಯಾಡ್ರಿ ಅಪ್ಪಾ. ಆ ಚೀಟಿ ಪೊಟ್ಟಣದಾಗಿಂದ ತೆಗಸ್ರಿ. ಮಿಶ್ರಿಯಿಂದ ಕ್ಯಾನ್ಸರ್ ಆಗ್ತದ ಅಂತ ನಾ ಮತ್ತೊಂದು ಲೇಖ ಬರೀತೀನಿ."

"ನಾ ಏನರ ಬರಿ ಅಂದಿದ್ನೇನೋ ನಿನಗ? ಬರೇ ನಾಕು ಸಾಲು, ನೀನಽ ಹೂಂ ಅಂದದ್ದು."

"ಆ ನಾಕು ಸಾಲು ನಮ್ಮ ತಂಗಿ ಬಾಯಾಗ ಹುಣ್ಣಾಗ್ಯಾವ್ರಿ."

ಇಷ್ಟು ಮಂದಿ ಕೆಲಸಗಾರರ ಹೊಟ್ಟೆ ಆ ಪೊಟ್ಟಣದ ಮೇಲೆ ನಿಂತಿದೆ, ಚೀಟಿ ತೆಗೆದರೆ ಪೇಟೆಯವರು ಏನೆಂದಾರು ಎಂದು ಸಾವ್ಕಾರರು ತಮ್ಮಷ್ಟಕ್ಕೇ ಅಂದುಕೊಂಡರಂತೆ. ಮಾಮಾ ಇಬ್ಬರ ಕಾಲಿಗೂ ನಮಸ್ಕಾರ ಮಾಡಿದ. "ಇನ್ನ ಈ ಮನ್ಯಾಗ ನನ್ನ ಊಟ ಮುಗೀತ್ರಿ ಅವ್ವಾ" ಎಂದು ರತ್ನಾಬಾಯಿಗೆ ಹೇಳಿದ. ಆಕೆ, "ಉಂಡಽ ಹೋಗಬೇಕಿತ್ತಲ್ಲೋ, ಬಡಿಸಿದ ತಾಟು ಬಿಟ್ಟು ಹೋಗ್ತಾರೇನು?" ಎಂದು ಅತ್ತಳು. ಅವನಿಗೆ ಅಷ್ಟು ಸಂಕಟವನ್ನು ಬೇರೆ ಯಾವ ಮಾತೂ ಕೊಟ್ಟಿರಲಿಲ್ಲ. ಆ ವಾರವೇ ದವಾಖಾನೆಯ ಕೀಲಿ ಒಪ್ಪಿಸಿ, ಓಣಿಯ ಇನ್ನೊಂದು ತುದಿಯಲ್ಲಿ ತಗಡಿನ ಒಂದು ಮಳಿಗೆ ಹಿಡಿದ.

ಎರಡನೆಯ ಲೇಖನವನ್ನು ಒಂದೇ ಪಟ್ಟಿಗೆ ಕೂತು ಬರೆದ. ಅದರ ಮೊದಲ ಸಾಲು ಹೀಗಿತ್ತು: "ನಾನು ತಂಬಾಕಿನ ವ್ಯಾಪಾರದವರ ಮನೆಯ ಅನ್ನ ಉಂಡು, ಅವರ ಹಣದಿಂದ ಓದಿ ಡಾಕ್ಟರನಾದವನು. ಇದನ್ನು ತಿಳಿದುಕೊಂಡು ನನ್ನ ಮಾತನ್ನು ಓದಿರಿ." ಹಣಮಂತಪ್ಪ ಡಾಕ್ಟರು ಓದಿ ಕನ್ನಡಕ ತೆಗೆದರು.

"ಶಾಸ್ತ್ರದ ಬರಹದಾಗ ರೊಟ್ಟಿ ಯಾಕ ಬಂತ್ರಿ? ನಗತಾರ ಜನ. ಈ ಮೊದಲನೇ ಸಾಲು ತೆಗೀರಿ. ಉಳಿದದ್ದು ಬೇಕಾದ್ರ ಮಂಡಳಿ ಮುಂದ ಇಟ್ಟು ನೋಡೂಣು."

"ಉಳಿದದ್ದು ತೆಗೀರಿ ಬೇಕಾದ್ರ, ಅದೊಂದು ಸಾಲು ಇರ್ಲಿ. ಮೊದಲನೇ ಲೇಖದಾಗ ಅದಽ ಇರಲಿಲ್ಲ, ಅದಕ್ಕಽ ಎಲ್ಲಾ ಕೆಟ್ಟಿತು."

ಲೇಖನ ಮರಳಿ ಬಂತು. ಊರಿನ ಅಚ್ಚುಕೂಟಗಳಿಗೆ ಅಲೆದ. ಬೀಡಿ ಕಟ್ಟಿನ ಲೇಬಲ್ಲು ಛಾಪಿಸುವ ಅಚ್ಚುಕೂಟದವರು ಅದನ್ನು ಏಕೆ ಮುಟ್ಟಿಯಾರು? ಒಬ್ಬರಂತೂ, "ಡಾಕ್ಟರ, ನಮಗೂ ಮಕ್ಕಳು ಮರಿ ಅದಾವ್ರಿ" ಎಂದು ಕೈ ಮುಗಿದರು. ಹುಣ್ಣು ಯಾರ ಅಚ್ಚಿಗೂ ಕಾಯುವುದಿಲ್ಲ. ಅಜ್ಜ ಕುರಿ ಮಾರಿದ, ಮಾಮಾ ಅವ್ವನನ್ನು ಮಿರಜಿನ ದೊಡ್ಡ ದವಾಖಾನೆಗೆ ಕರೆದುಕೊಂಡು ಹೊರಟ. ಅಂಬೆಗಾಲಿಡುತ್ತಿದ್ದ ನನ್ನನ್ನು ಅಜ್ಜಿಯ ಬಳಿ ಬಿಟ್ಟು ಹೋದರು.

ಕುರ್ಡುವಾಡಿಯಲ್ಲಿ ಸಣ್ಣ ರೈಲು ಹಿಡಿದು ಹೋಗಬೇಕು. ಹೊರಡುವ ಮೊದಲೇ ಮಾಮಾ ಅವಳಿಗೆ ಎಲ್ಲವನ್ನೂ ಹೇಳಿದ್ದ, ಹುಣ್ಣು ಎಂಥದ್ದು, ಆ ಸಾಲುಗಳು ಹೇಗೆ ಬಂದವು, ತಾನು ಯಾಕೆ ಹೂಂ ಅಂದೆ. ಅವ್ವ ಕೇಳಿಸಿಕೊಂಡಳು. ಒಂದು ಮಾತೂ ಆಡಲಿಲ್ಲ. ದವಾಖಾನೆಯಲ್ಲಿ ಗಲ್ಲ ಕೊಯ್ದು, ಹುಣ್ಣಿನೊಡನೆ ಒಳಗಿನ ಮಾಂಸವನ್ನೂ ಕೆಲವು ಹಲ್ಲುಗಳನ್ನೂ ತೆಗೆದರು. ಗಾಯ ಮಾಯುವ ತನಕ ಮಾತಾಡಬಾರದೆಂದು ಹೇಳಿದರು. ಮಾಮಾ ದಿನವೂ ಮಂಚದ ಹತ್ತಿರ ಕೂತು ಚಮಚದಲ್ಲಿ ಹಾಲು ಹಾಕುತ್ತಿದ್ದ, ಊರಿನ ಸುದ್ದಿ ಹೇಳುತ್ತಿದ್ದ. ಅವಳು ಕೈಸನ್ನೆಯನ್ನೂ ಮಾಡುತ್ತಿರಲಿಲ್ಲ. ಒಮ್ಮೆ ತಡೆಯಲಾರದೆ ಕೇಳಿದ: "ಭಾಗಾ, ನನ್ನ ಮ್ಯಾಲ ಸಿಟ್ಟಾಗೀಯೇನ?" ಅವಳು ಗೋಡೆಯ ಕಡೆ ಮಗ್ಗುಲಾದಳು. ಮಾತಾಡಲು ಅಡ್ಡಿಯಿಲ್ಲವೆಂದು ಡಾಕ್ಟರುಗಳು ಹೇಳಿದ ಮೇಲೂ ಅವಳು ಆಡಲಿಲ್ಲ. ತಂಗಿ ಉಳಿದಳು, ಆದರೆ ನನಗೆ ಇಲ್ಲವಾದಳು ಎಂದುಕೊಂಡು ಮಾಮಾ ಅವಳನ್ನು ಕರೆದುಕೊಂಡು ಬಂದ.

ಅಕ್ಕಲಕೋಟೆಯ ಮೋಟಾರು ನಿಲ್ದಾಣದಲ್ಲಿ ವಾಗದರಿಯ ಗಾಡಿಗೆ ಕಾಯಬೇಕಾಯಿತು. ಗುರುವಾರ, ಊರಿನ ಸ್ವಾಮಿಗಳ ಸಮಾಧಿಯ ದರ್ಶನಕ್ಕೆ ಬಂದವರ ಗದ್ದಲ. ಕೂಡಲು ಜಾಗವಿಲ್ಲದೆ ಇಬ್ಬರೂ ನೆಲದ ಮೇಲೆ ಕಂಬಳಿ ಹಾಸಿ ಕೂತರು. ಅವ್ವ ಮುಖಕ್ಕೆ ಬಿಳಿ ಬಟ್ಟೆ ಸುತ್ತಿಕೊಂಡಿದ್ದಳು. ಪಕ್ಕದಲ್ಲಿ ತಡವಳ ಊರಿನ ಒಬ್ಬ ಹೆಣ್ಣುಮಗಳು ಬುಟ್ಟಿ ಇಳಿಸಿ ಕೂತು, ಅಂಗೈಯಲ್ಲಿ ಮಿಶ್ರಿ ಸುರುವಿಕೊಂಡಳು. ಅವ್ವನ ಮುಖದ ಬಟ್ಟೆ ನೋಡಿ ಕನಿಕರಪಟ್ಟಳು.

"ಹಲ್ಲು ನೋಯ್ತಾವೇನಬೇ ಯಕ್ಕಾ? ತಗೋ, ಇದನ್ನ ಚೂರು ತಿಕ್ಕು. ಅಂಜಬ್ಯಾಡ. ಸೋಲಾಪುರದ ಧೂಳಪ್ಪ ಡಾಕ್ಟರ ಬರದು ಕೊಟ್ಟಾರ, ಏನೂ ಆಗೂದಿಲ್ಲ ಅಂತ." ಎಂದು ಅಂಗೈ ಚಾಚಿದಳು.

ಮಾಮಾ ನಡುವೆ ಬಾಯಿ ಹಾಕಿದ. "ಅವ್ವಾ, ಆ ಡಾಕ್ಟರ ನಾನಽ. ನಾ ತಪ್ಪು ಬರದೀನಿ. ಅದನ್ನ ಚೆಲ್ಲು."

ಅವಳು ಅವನನ್ನು ಮೇಲಿಂದ ಕೆಳಗೆ ನೋಡಿ ಕಿಲಕಿಲ ನಕ್ಕಳು. "ಹೋಗೋ ಯಪ್ಪಾ! ಡಾಕ್ಟರ ಮಂದಿ ಹಿಂಗ ಕಂಬಳಿ ಹಾಸಿ ನೆಲದ ಮ್ಯಾಲ ಕುಂದರ್ತಾರೇನು? ಅವರು ಅಚ್ಚಿನ್ಯಾಗ ಹಾಕ್ಯಾರ. ಅಚ್ಚಿನ್ಯಾಗ ಹಾಕಿದ್ದು ಸುಳ್ಳಾಗ್ತದೇನು?"

ಅವಳ ಕೈ ಇನ್ನೂ ಅವ್ವನ ಮುಂದೆ ಚಾಚಿಕೊಂಡೇ ಇತ್ತು.

ಅವ್ವ ಮುಖದ ಬಟ್ಟೆಯ ಗಂಟು ಬಿಚ್ಚತೊಡಗಿದಳು. ಸುತ್ತು ಸುತ್ತಾಗಿ ತೆಗೆದು ಮಡಿಲಿಗೆ ಹಾಕಿಕೊಂಡಳು. ಎಡಗಲ್ಲ ಒಳಕ್ಕೆ ಎಳೆದುಕೊಂಡು, ಹೊಲಿಗೆಯ ಗೆರೆ ತುಟಿಯಿಂದ ಕಿವಿಯ ತನಕ ಹೋಗಿತ್ತು. ಆ ಹೆಣ್ಣುಮಗಳ ನಗು ನಿಂತಿತು. ಅವ್ವ ಅವಳ ಕೈ ಹಿಡಿದು, ಅಂಗೈಯನ್ನು ಮೆಲ್ಲಗೆ ಮಗುಚಿ, ಮಿಶ್ರಿಯನ್ನು ನೆಲಕ್ಕೆ ಚೆಲ್ಲಿದಳು. ಆಮೇಲೆ ಎಷ್ಟೋ ವಾರಗಳ ಮೇಲೆ ಮೊದಲ ಸಲ ಬಾಯಿ ತೆರೆದಳು. ಮಾತು ಒಡೆದು, ಎಂಜಲು ಸೋರಿ, ಅರ್ಧ ಗಾಳಿಯಾಗಿ ಬಂತು.

"ಇಂವ ನಮ್ಮಣ್ಣ. ಈಗ ಖರೇ ಹೇಳಾಕತ್ತಾನ."

ಮಾಮಾ ಆ ನಿಲ್ದಾಣದಲ್ಲಿ, ಅಷ್ಟು ಜನರ ನಡುವೆ, ದನಿ ತೆಗೆದು ಅತ್ತ. ಅವ್ವ ಸೆರಗಿನಿಂದ ತನ್ನ ಬಾಯಿ ಒರೆಸಿಕೊಂಡು, ವಾಗದರಿಯ ಗಾಡಿ ಬರುವ ತನಕ ಅವನ ಬೆನ್ನ ಮೇಲೆ ಕೈ ಇಟ್ಟುಕೊಂಡು ಕೂತಳು.